ಮೇಷ್ಟ್ರ ಕೈಗುಣ

ಆ ಮಸಾಜು ಕೇಂದ್ರದಲ್ಲಿ ಐದು ಕೋಣೆಗಳಿದ್ದವು. ಮೊದಲನೆಯದರಲ್ಲಿ ಎಣ್ಣೆ ಹಚ್ಚಿ ನಿಧಾನವಾಗಿ ನೀವುತ್ತಿದ್ದರು, ಎರಡನೆಯದರಲ್ಲಿ ಬೆನ್ನ ಮೇಲೆ ಬಿಸಿ ಕಲ್ಲು ಇಡುತ್ತಿದ್ದರು, ಮೂರನೆಯದರಲ್ಲಿ ಅಂಗಾಲಿನ ಬಿಂದುಗಳನ್ನು ಒತ್ತುತ್ತಿದ್ದರು, ನಾಲ್ಕನೆಯದರಲ್ಲಿ ಚಾಪೆ ಹಾಸಿ ಕೈಕಾಲು ಎಳೆದು ಹಿಗ್ಗಿಸುತ್ತಿದ್ದರು. ಐದನೆಯದು ಮೇಷ್ಟ್ರ ಕೋಣೆ. ಅಲ್ಲಿ ನಡೆಯುತ್ತಿದ್ದುದು ಮಾಂಸದ ಆಳಕ್ಕೆ ಬೆರಳಿಳಿಸಿ ಗಂಟು ಬಿಡಿಸುವ ಕೆಲಸ. ಒಳಗೆ ಹೋದವರು ಅಯ್ಯಯ್ಯೋ ಎಂದು ಕೂಗುವುದು ಹೊರಗಿನ ಬೆಂಚಿನವರೆಗೂ ಕೇಳಿಸುತ್ತಿತ್ತು. ಕೂಗಿದವರೇ ಮುಂದಿನ ವಾರ ಮತ್ತೆ ಬಂದು ಅದೇ ಬೆಂಚಿನಲ್ಲಿ ಕೂರುತ್ತಿದ್ದರು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಉಳಿದ ನಾಲ್ಕು ಕೋಣೆಯವರಿಗೆಲ್ಲ ಕೆಲಸ ಕಲಿಸಿದವರು ಅವರೇ ಆದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಅವರ ಕೈಗುಣ ದೊಡ್ಡದು ಎಂದು ಜನ ಹೇಳುತ್ತಿದ್ದರು. ಇಂಥ ಮಾತನ್ನು ವರ್ಷಗಟ್ಟಲೆ ಕೇಳಿದರೆ ಯಾರ ತಲೆ ತಾನೇ ತಿರುಗುವುದಿಲ್ಲ?

ಕೇಂದ್ರದ ಮ್ಯಾನೇಜರಮ್ಮನಿಗೂ ಅವರಿಗೂ ದಿನಕ್ಕೊಂದು ಜಗಳ ಆಗಲೇಬೇಕು.

"ಮೇಷ್ಟ್ರೇ, ಫಾರಂ ತುಂಬಿಸದೆ ಯಾಕೆ ಒಳಗೆ ಕರ್ಕೊಂಡ್ರಿ? ಬಿ.ಪಿ. ಇದೆಯಾ, ಆಪರೇಷನ್ ಆಗಿದೆಯಾ, ಎಲ್ಲಾದ್ರೂ ಊತ ಇದೆಯಾ, ಒಂದೂ ಕೇಳಿಲ್ಲ ನೀವು."

"ನೀವು ಬಾಯಲ್ಲಿ ಕೇಳ್ತೀರಿ, ನಾನು ಬೆರಳಲ್ಲಿ ಕೇಳ್ತೀನಿ. ಬಾಯಿ ಸುಳ್ಳು ಹೇಳ್ಬಹುದು, ಮೈ ಹೇಳಲ್ಲ."

"ಹೆಚ್ಚುಕಮ್ಮಿ ಆದ್ರೆ?"

"ಇಪ್ಪತ್ತಾರು ವರ್ಷದಲ್ಲಿ ಆಗದೇ ಇರೋದು ಇನ್ನು ಆಗುತ್ತಾ ಮ್ಯಾನೇಜರಮ್ಮ? ನಿಮಗೆ ಕಾಗದದ ಹುಚ್ಚು."

ಸುತ್ತಲಿದ್ದವರು ನಗುತ್ತಿದ್ದರು. ಮ್ಯಾನೇಜರಮ್ಮ ಮುಖ ಊದಿಸಿಕೊಂಡು ಖಾಲಿ ಫಾರಂಗಳನ್ನು ಮೇಜಿನೊಳಗೆ ಸೇರಿಸುತ್ತಿದ್ದಳು.

ಹೆಚ್ಚುಕಮ್ಮಿ ಆಗಿದ್ದು ಕೇಂದ್ರದಲ್ಲಲ್ಲ, ಅವರ ಮನೆಯಲ್ಲಿ.

ಮೇಷ್ಟ್ರ ಹೆಂಡತಿ ಟೈಲರ್ ಅಂಗಡಿಯೊಂದರಲ್ಲಿ ಗುಂಡಿ, ಕಾಜಾ ಹಾಕುವ ಕೆಲಸ ಮಾಡುತ್ತಿದ್ದಳು. ಮೆಟ್ಟಿಲಿನಲ್ಲಿ ಜಾರಿ ಕಣಕಾಲಿನ ಮೂಳೆ ಬಿರುಕು ಬಿಟ್ಟು ಐದು ವಾರ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದಳು. ಪ್ಲಾಸ್ಟರ್ ತೆಗೆದ ನಾಲ್ಕನೆಯ ದಿನ ಆ ಕಾಲಿನ ಮೀನಖಂಡ ಊದಿಕೊಂಡಿತು. ಮುಟ್ಟಿದರೆ ಬಿಸಿ, ಹೆಜ್ಜೆ ಇಟ್ಟರೆ ನೋವು. ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಶನಿವಾರಕ್ಕೆ ಡಾಕ್ಟರ ಬಳಿ ಸಮಯ ಗೊತ್ತು ಮಾಡಿದ್ದಳು. ಆದರೆ ಅಂಗಡಿಯಲ್ಲಿ ಸರಕು ಎಣಿಸುವ ಕೆಲಸ ಬಂದು, ಶನಿವಾರ ಭಾನುವಾರ ಎರಡೂ ದಿನ ರಜೆ ಇಲ್ಲ ಎಂದರು.

"ಅಪ್ಪ, ಸೋಮವಾರ ಹೋದ್ರೆ ಪರವಾಗಿಲ್ವಾ?" ಎಂದು ಅವಳು ಕೇಳಿದಾಗ ಮೇಷ್ಟ್ರು ನಕ್ಕುಬಿಟ್ಟರು.

"ಮನೇಲಿ ನಾನಿಲ್ವೇನೇ? ಸೋಮವಾರದ ಹೊತ್ತಿಗೆ ಊತಾನೇ ಇರಲ್ಲ, ನೋಡ್ತಿರು."

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಮೇಷ್ಟ್ರು ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು, ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಕ್ಕಾಲು ಗಂಟೆ ಒತ್ತಿದರು. ಒಳಗೆ ಗಟ್ಟಿಯಾದದ್ದೇನೋ ಬೆರಳಿಗೆ ಸಿಕ್ಕಿತು. ಎಷ್ಟೋ ಸಾವಿರ ಕಾಲುಗಳಲ್ಲಿ ಸಿಕ್ಕಿದ ಗಂಟಿನಂಥದ್ದೇ ಇದೂ ಎಂದುಕೊಂಡು ಇನ್ನಷ್ಟು ಭಾರ ಹಾಕಿದರು. ಪ್ರೀತಿಯಿಂದಲೇ ಮಾಡಿದ್ದು. ಅದನ್ನು ಅಲ್ಲಗಳೆಯುವಂತಿಲ್ಲ.

ಸೋಮವಾರ ಬೆಳಿಗ್ಗೆ ಬಚ್ಚಲಿಗೆ ಹೋಗಲು ಎದ್ದವಳು ಎದೆ ಹಿಡಿದುಕೊಂಡು ಬಾಗಿಲಲ್ಲೇ ಕುಸಿದಳು. ಉಸಿರು ಸಿಗುತ್ತಿರಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದು ಅಲ್ಲಿಂದ ಬಿಟ್ಟುಕೊಂಡು ಶ್ವಾಸಕೋಶಕ್ಕೆ ಹೋಗಿದೆ" ಎಂದರು ಡಾಕ್ಟರು. "ತಾನಾಗೇ ಹೋಗೋದೂ ಉಂಟು. ಆದ್ರೆ ಇಂಥ ಕಾಲನ್ನ ಉಜ್ಜಬಾರದು, ಒತ್ತಲೇಬಾರದು. ಯಾರಾದ್ರೂ ತಿಕ್ಕಿದ್ರಾ?"

ಮಗಳು ಪಕ್ಕದಲ್ಲೇ ನಿಂತಿದ್ದಳು. "ಇಲ್ಲ" ಎಂದರು ಮೇಷ್ಟ್ರು.

ಆ ಒಂದು ಮಾತು ಬಾಯಿಂದ ಹೊರಬಿದ್ದದ್ದು ಹೇಗೆಂದು ಅವರಿಗೇ ತಿಳಿಯಲಿಲ್ಲ. ಬಿದ್ದ ಮೇಲೆ ಎತ್ತಿಕೊಳ್ಳುವ ಧೈರ್ಯವೂ ಬರಲಿಲ್ಲ. ಮಗಳು ಮಾತ್ರ ಡಾಕ್ಟರು ಆಮೇಲೆ ಹೇಳಿದ್ದನ್ನು ಹಿಡಿದುಕೊಂಡುಬಿಟ್ಟಳು. ಎರಡು ದಿನ ಮೊದಲು ಕರೆತಂದಿದ್ದರೆ ಔಷಧಿಯಲ್ಲೇ ಕರಗಿಸಬಹುದಿತ್ತು ಎಂದಿದ್ದರು ಅವರು.

ಅಂದಿನಿಂದ ಅವಳು ಕೆಲಸಕ್ಕೆ ಹೋಗಲಿಲ್ಲ. ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಕೂರುವಳು. ಊಟಕ್ಕೆ ಕರೆದರೆ ಬಂದು ತಟ್ಟೆ ಮುಂದೆ ಕೂತು, ಎರಡು ತುತ್ತು ಕಲಸಿ ಹಾಗೇ ಬಿಟ್ಟು ಏಳುವಳು. ಮೂರು ವಾರದಲ್ಲಿ ಮಗಳ ಕೈಬಳೆ ಮೊಣಕೈವರೆಗೆ ಜಾರುವಂತಾಯಿತು. ಹೇಳಿಬಿಡಬೇಕು ಎಂದು ಮೇಷ್ಟ್ರು ಬಾಯಿ ತೆರೆಯುತ್ತಿದ್ದರು, "ನೀರು ಕುಡೀತೀಯಾ ಮಗಳೇ?" ಎಂದಷ್ಟೇ ಕೇಳುತ್ತಿದ್ದರು. ಹೆಂಡತಿ ಹೋದಳು, ಇನ್ನು ಇವಳೂ ತನ್ನ ಮುಖ ನೋಡದಂತಾದರೆ ಬದುಕಿದ್ದು ಏನು ಪ್ರಯೋಜನ ಎಂಬ ಹೆದರಿಕೆ.

ಒಂದು ಮಧ್ಯಾಹ್ನ ಹೆಂಡತಿಯ ತಂಗಿ ಊಟ ಕಟ್ಟಿಕೊಂಡು ಬಂದಳು. ಅಕ್ಕನ ಬಟ್ಟೆಗಳನ್ನು ಮಡಿಸುತ್ತಾ, ಅಳುತ್ತಾ, ದುಃಖದ ಭರದಲ್ಲಿ ಅಂದುಬಿಟ್ಟಳು:

"ಬೈತಿದೀನಿ ಅಂದ್ಕೋಬೇಡ ಕಣೇ. ಶನಿವಾರ ಒಂದು ದಿನ ಅಂಗಡಿ ಬಿಟ್ಟಿದ್ರೆ ಆಕಾಶ ಕಳಚಿ ಬೀಳ್ತಿತ್ತಾ? ಅಕ್ಕ ಇವತ್ತು ಇಲ್ಲಿ ಕೂತಿರ್ತಿದ್ಲು."

"ಬೈಯಿ ಚಿಕ್ಕಮ್ಮ" ಎಂದಳು ಮಗಳು. ದನಿಯಲ್ಲಿ ಕೋಪವೂ ಇರಲಿಲ್ಲ, ಅಳುವೂ ಇರಲಿಲ್ಲ. "ಅಮ್ಮನ್ನ ನಾನೇ ಕೊಂದೆ. ಅದು ನನಗೆ ಗೊತ್ತು."

ಬಾಗಿಲ ಬಳಿ ನಿಂತಿದ್ದ ಮೇಷ್ಟ್ರು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

"ನೀನಲ್ಲ. ಭಾನುವಾರ ಮಧ್ಯಾಹ್ನ ನಾನು ನಿಮ್ಮಮ್ಮನ ಕಾಲು ಒತ್ತಿದೆ. ಗಟ್ಟಿಯಾಗಿ, ಮುಕ್ಕಾಲು ಗಂಟೆ ಒತ್ತಿದೆ. ಡಾಕ್ಟ್ರು ಕೇಳಿದಾಗ ಸುಳ್ಳು ಹೇಳ್ದೆ. ಸೋಮವಾರದ ಹೊತ್ತಿಗೆ ಊತಾನೇ ಇರಲ್ಲ ಅಂದವನೂ ನಾನೇ."

ನಾದಿನಿಯ ಕೈಯಲ್ಲಿದ್ದ ಸೀರೆ ಕೆಳಗೆ ಜಾರಿತು. "ಭಾವ! ಮೂರು ವಾರ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಲ್ಲ? ಈ ಹುಡುಗಿ ಊಟ ಬಿಟ್ಟು ಒಣಗ್ತಿರೋದು ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ? ನಾನು ಇವಳ ಮೇಲೆ ತಪ್ಪು ಹೊರಿಸ್ತಿದ್ರೆ ಸುಮ್ಮನೆ ಕೇಳಿಸ್ಕೊಳ್ತಾ ನಿಂತಿದ್ರಾ?"

"ನಿಂತಿದ್ದೆ. ಹೇಳಿದ್ರೆ ಇವಳೂ ನನ್ನ ಕೈಬಿಡ್ತಾಳೆ ಅಂತ ಹೆದರಿದ್ದೆ."

"ನಿಮ್ಮ ಹೆದರಿಕೆಗೆ ಈ ಮಗು ಸಾಯ್ಬೇಕಿತ್ತಾ?"

ಮಗಳು ಅಪ್ಪನನ್ನು ನೋಡುತ್ತಲೇ ಇದ್ದಳು, ಎಲ್ಲೋ ಕಂಡ ಮುಖ ಯಾರದೆಂದು ನೆನಪಿಸಿಕೊಳ್ಳುವವರ ಹಾಗೆ. ಆಮೇಲೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಹಳ ಹೊತ್ತಿನ ನಂತರ ಜೋರಾಗಿ ಅಳುವ ಸದ್ದು ಕೇಳಿಸಿತು. ಅಮ್ಮ ಸತ್ತ ಮೇಲೆ ಅವಳು ಹಾಗೆ ಅತ್ತಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅವಳು ಚಪ್ಪಲಿ ಅಂಗಡಿಗೆ ಹೊರಟುಹೋದಳು. ಅಪ್ಪನಿಗೆ ಹೇಳಲಿಲ್ಲ.

ಮೇಷ್ಟ್ರು ಮೊದಲು ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ನಿಜ ಹೇಳಿದರು. ಅವರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಲ್ಲಿಂದ ನೇರ ಕೇಂದ್ರಕ್ಕೆ ಬಂದರು. ಹೊಸದಾಗಿ ಕೆಲಸ ಕಲಿಯಲು ಸೇರಿದ್ದ ನಾಲ್ವರು ಹೆಂಗಸರು ಕಾಯುತ್ತಿದ್ದರು. ಮೇಷ್ಟ್ರು ಎಣ್ಣೆಯ ಬಾಟಲಿ ಮುಟ್ಟಲಿಲ್ಲ. ಮ್ಯಾನೇಜರಮ್ಮನ ಮೇಜಿನಿಂದ ಫಾರಂ ತೆಗೆದುಕೊಂಡು ಬಂದು ಒಂದೊಂದೇ ಪ್ರಶ್ನೆ ಓದಿದರು. ಯಾವ ಕೋಣೆಯ ಕೆಲಸ ಯಾರಿಗೆ ಆಗುವುದಿಲ್ಲ, ಬಸುರಿಯನ್ನು ಹೇಗೆ ಮಲಗಿಸಬೇಕು, ಸಕ್ಕರೆ ಕಾಯಿಲೆಯವರ ಅಂಗಾಲಿಗೆ ಬಿಸಿ ಕಲ್ಲು ಯಾಕೆ ತಾಗಿಸಬಾರದು, ಎಲ್ಲ ಹೇಳಿದರು. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದರು, ಕೇಳಿ ತಿಳಿದು ಹೇಳುತ್ತೇನೆ ಎಂದರು.

"ಒಂದೇ ಕಾಲು ಊದಿ, ಬಿಸಿಯಾಗಿ, ನೋಯ್ತಿದ್ರೆ ಕೈ ಹಚ್ಚಬೇಡಿ. ಎಷ್ಟೇ ಬೇಡ್ಕೊಂಡ್ರೂ ಹಚ್ಚಬೇಡಿ. ಆಟೋ ಮಾಡಿ ಆಸ್ಪತ್ರೆಗೆ ಕಳಿಸಿ."

"ಅದು ಬರೀ ಮಾಂಸದ ಗಂಟೇ ಆಗಿದ್ರೆ, ಮೇಷ್ಟ್ರೇ?" ಎಂದು ಒಬ್ಬಳು ಕೇಳಿದಳು. "ಸುಮ್ಮನೆ ಹೆದರಿಸಿ ಕಳಿಸಿದ್ರು ಅಂತ ನಗಲ್ವಾ?"

"ನಗ್ಲಿ. ನಾನೂ ಹಾಗೇ ನಗ್ತಿದ್ದೆ. ನನ್ನ ಹೆಂಡತಿ ಕಾಲನ್ನ ಒತ್ತಿ ನಾನೇ ಅವಳನ್ನ ಕಳ್ಕೊಂಡೆ."

ಬಾಗಿಲಲ್ಲಿದ್ದ ಮ್ಯಾನೇಜರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗೆ ಹೋದಳು.

ಸಂಜೆ ಮೇಷ್ಟ್ರು ಮನೆಗೆ ಬಂದಾಗ ಮಗಳು ಆಗಲೇ ಬಂದಿದ್ದಳು. ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದಳು. ತಟ್ಟೆ ತುಂಬ ಬಡಿಸಿಕೊಂಡಿದ್ದಳು. ತನಗೊಬ್ಬಳಿಗೇ. ಮೇಷ್ಟ್ರು ಅಲ್ಲಿಂದ ಸದ್ದಿಲ್ಲದೆ ಸರಿಯಬೇಕೆನ್ನುವಷ್ಟರಲ್ಲಿ ಅವಳು ತಲೆಯೆತ್ತದೆ ಕೇಳಿದಳು.

"ಒತ್ತುವಾಗ ಅಮ್ಮ ಸಾಕು ಅಂದ್ಲಾ?"

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅವಳ ಮುಂದೆ ಹೇಳಿಕೊಂಡಾಗಲೂ ಇದೊಂದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು. ಇಲ್ಲ ಎಂದರೆ ಅವಳು ನಂಬುತ್ತಿದ್ದಳು. ಒಂದಲ್ಲ ಒಂದು ದಿನ ಕ್ಷಮಿಸಿಯೂ ಬಿಡುತ್ತಿದ್ದಳೇನೋ.

"ಅಂದ್ಲು" ಎಂದರು.

"ಎಷ್ಟು ಸಲ?"

"ಎರಡು ಸಲ."

ಮಗಳ ಕೈ ತಟ್ಟೆಯಲ್ಲಿ ನಿಂತಿತು. ಕಣ್ಣೀರು ಕೆನ್ನೆಯಿಂದ ಇಳಿದು ಅನ್ನದ ಮೇಲೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಇನ್ನೊಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡಳು. ಮೇಷ್ಟ್ರು ಗೋಡೆ ಹಿಡಿದುಕೊಂಡು, ಅವಳ ತಟ್ಟೆ ಖಾಲಿಯಾಗುವವರೆಗೂ ನಿಂತೇ ಇದ್ದರು.