ಬಾತುಕೋಳಿ ಕತ್ತಿನ ಪಟರ್

ಅಜ್ಜಿಯ ಕತೆಗಳಲ್ಲಿ ರಾಜಕುಮಾರರ ಕೈಗೆ ಖಡ್ಗ ಸಿಗುತ್ತಿರಲಿಲ್ಲ, ಪಟರ್ ಸಿಗುತ್ತಿತ್ತು. ಗಾಲ್ಫಿನಲ್ಲಿ ಚೆಂಡನ್ನು ಕೊನೆಗೆ ಮೆಲ್ಲನೆ ಕುಳಿಗೆ ಉರುಳಿಸುವ ಕೋಲು ಅದು. ಅಜ್ಜ ಅಂಥ ಕೋಲುಗಳ ಕಾರ್ಖಾನೆಯಲ್ಲಿ ಹಿತ್ತಾಳೆ ಎರಕ ಹೊಯ್ಯುತ್ತಿದ್ದ. ಹಿಡಿಗೆ ಚರ್ಮದ ಪಟ್ಟಿ ಸುತ್ತುವ ಕೆಲಸ ಮನೆಯಲ್ಲಿ ಕೂತು ಅಜ್ಜಿ ಮಾಡುತ್ತಿದ್ದಳು. ಒಂದು ಸಲ ಅಚ್ಚು ಜರುಗಿ ಪಟರಿನ ಕತ್ತು ಬಾತುಕೋಳಿಯ ಕತ್ತಿನಂತೆ ಡೊಂಕಾಯಿತಂತೆ. ಯಜಮಾನರು ಎಸೆಯಿರಿ ಅಂದರು. ಅಷ್ಟರಲ್ಲಿ ಯಾರೋ ಗಿರಾಕಿ ಸುಮ್ಮನೆ ತಟ್ಟಿ ನೋಡಿದ. ಚೆಂಡು ನೆಟ್ಟಗೆ ಹೋಗಿ ಕುಳಿಗೆ ಬಿತ್ತು. ಆಮೇಲೆ ಎಲ್ಲರಿಗೂ ಡೊಂಕೇ ಬೇಕಾಯಿತು. ಆ ಮೊದಲನೆಯದು ಮಾತ್ರ ನಮ್ಮ ಮನೆಗೆ ಬಂತು. ಅಜ್ಜ ಸಂಜೆ ಹೊತ್ತು ಅದರಿಂದ ಪಡಸಾಲೆಯಲ್ಲಿ ಮಲಗಿಸಿದ ಲೋಟದೊಳಕ್ಕೆ ಚೆಂಡು ಉರುಳಿಸುತ್ತಿದ್ದ. ಕತೆ ಕೇಳುತ್ತಾ ನಾನು ನಿದ್ದೆಗೆ ಜಾರುವಾಗ ಆ ಬಾತುಕೋಳಿ ರೆಕ್ಕೆ ಬಿಚ್ಚುತ್ತಿತ್ತು.

ಕಾರ್ಖಾನೆ ಮುಚ್ಚಿ, ಅಜ್ಜ ತೀರಿಕೊಂಡು ಎಷ್ಟೋ ಕಾಲವಾಗಿದೆ. ಅಲ್ಲಿಯ ಪಟರುಗಳನ್ನು ಹುಡುಕಿ ಕೂಡಿಡುವ ಹಲ್ಲಿನ ಡಾಕ್ಟರೊಬ್ಬರಿದ್ದಾರೆಂದು ನನಗೆ ಗೊತ್ತಾಯಿತು. ಅವರ ಗಾಜಿನ ಕಪಾಟಿನಲ್ಲಿ ಮೊದಲ ಡೊಂಕಿನ ಜಾಗ ಖಾಲಿ ಇತ್ತು. ಅಜ್ಜಿಗೆ ಆಸೆ ಹತ್ತಿತು.

"ನಾನು ಕಣ್ಣು ಮುಚ್ಚಿದ ಮೇಲೆ ನಿನ್ನ ಚಿಕ್ಕಪ್ಪ ಇದನ್ನ ಗುಜರಿಗೆ ಹಾಕ್ತಾನೆ ಕಣೇ. ಅಲ್ಲಿದ್ರೆ ನಿಮ್ಮಜ್ಜನ ಕೈಕೆಲಸ ನಾಲ್ಕು ಜನ ನೋಡ್ತಾರೆ."

ಡಾಕ್ಟರು ಬರುವ ಹಿಂದಿನ ದಿನ ಅವಳು ಹಿಡಿಯ ಹಳೆಯ ಚರ್ಮ ಬಿಚ್ಚಿ ಹೊಸದು ಸುತ್ತಿದಳು. ಮನೆಮಗುವನ್ನು ಹರಕು ಬಟ್ಟೆಯಲ್ಲಿ ಕಳಿಸುವುದುಂಟೇ?

ಬಂದ ಡಾಕ್ಟರು ಹುಳುಕು ಹಲ್ಲು ನೋಡುವವರ ಹಾಗೆ ಹಿಡಿಯನ್ನು ನೋಡಿದರು.

"ಏನಪ್ಪಾ, ನಾನೂ ಬಾಯಿ ತೆಗೀಬೇಕಾ?" ಅಂದಳು ಅಜ್ಜಿ.

ಅವರು ನಗಲಿಲ್ಲ. "ಹಿತ್ತಾಳೆ ಎಲ್ಲ ಅಸಲಿನೇ ಅಮ್ಮಾ. ಆದ್ರೆ ಹಿಡಿ ಹೊಸದು. ಆಡಿ ಆಡಿ ಸವೆದ ಚರ್ಮ ಇದ್ರೇನೇ ಇಂಥದ್ದಕ್ಕೆ ಬೆಲೆ. ಇದನ್ನ ಕಪಾಟಿಗೆ ಸೇರಿಸೋಕಾಗಲ್ಲ."

"ಹಳೇದು ಸುತ್ತಿದ್ದೂ ನಾನೇ, ಇದು ಸುತ್ತಿದ್ದೂ ನಾನೇ. ಅದು ಅಸಲಿ, ಇದು ನಕಲಿ ಹೇಗಾಗತ್ತೆ?"

ಡಾಕ್ಟರು ಕನ್ನಡಕ ಒರೆಸುತ್ತಾ ಕೂತರು. ಆಮೇಲೆ, "ಹಳೇ ಚರ್ಮ ಎಲ್ಲಿದೆ?" ಅಂದರು.

ಅಜ್ಜಿ ನಾಲಿಗೆ ಕಚ್ಚಿಕೊಂಡಳು. ಅದರಿಂದ ಬಾಲ್ಕನಿಯ ಬಳ್ಳಿಯನ್ನು ಕಂಬಿಗೆ ಕಟ್ಟಿದ್ದಳು.

ನಾನು ಬಿಚ್ಚಿ ತಂದೆ. ಹೊಸದನ್ನು ಕಿತ್ತು ಅಜ್ಜಿ ಹಳೆಯದನ್ನೇ ಸುತ್ತತೊಡಗಿದಳು. ಪಟ್ಟಿಯ ಉದ್ದಕ್ಕೂ ಚೆದುರಿದ್ದ ಕಪ್ಪು ಕಲೆಗಳು ಒಂದೊಂದು ಸುತ್ತಿಗೂ ಪಕ್ಕಪಕ್ಕ ಬಂದು ಕೂತವು. ನೋಡುತ್ತಿದ್ದಂತೆ ಅಲ್ಲೊಂದು ಹೆಬ್ಬೆರಳು ಮೂಡಿತು. ಅಗಲವಾದ, ತುಸು ಓರೆಯಾದ ಹೆಬ್ಬೆರಳು.

"ಕೊಳೆ ಅಂದ್ಕೊಂಡಿದ್ದೆ," ಅಂದಳು ಅಜ್ಜಿ. ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟಳು. ಗುರುತಿನೊಳಗೆ ಅದು ಪುಟ್ಟದಾಗಿ ಕಂಡಿತು.

ಡಾಕ್ಟರು ಮೆಲ್ಲಗೆ ಎದ್ದರು. "ನೀವೇ ಇಟ್ಕೊಳ್ಳಿ ಅಮ್ಮಾ."

"ಇಟ್ಕೊಂಡು? ಗುಜರಿಯವನ ದಾರಿ ಕಾಯ್ಲಾ?" ಅಜ್ಜಿ ಪಟ್ಟಿಯ ತುದಿಯನ್ನು ಒಳಕ್ಕೆ ಸಿಕ್ಕಿಸಿ, ಪಟರನ್ನು ಅವರ ಕೈಗೆ ಕೊಟ್ಟಳು. "ಈ ಬೆರಳು ಗಾಜಿನ ಕಡೆ ಇರಲಿ. ನಾವು ನೋಡೋಕೆ ಬಂದಾಗ ನಮ್ಮನೆಯವರು ಆ ಕಡೆ ತಿರುಗಿ ಕೂತಿರಬಾರದು."

ಅವರು ಹೋದ ಮೇಲೆ ಹೊಸ ಚರ್ಮದಿಂದ ಬಳ್ಳಿ ಕಟ್ಟಿದೆವು.