ನುತಾರಕ್‌ನ ಎದೆಯ ಕೀವು

ಕೆನಡಾದ ಉತ್ತರ ತುದಿಯ ನಮ್ಮ ಇನೂಯಿಟ್ ಜನರ ಊರಿನಲ್ಲಿ ಕೆಮ್ಮದ ಮಗು ಅಪರೂಪ. ಹಾಗಾಗಿ ಮೂರು ವರ್ಷದ ನುತಾರಕ್ ಕೆಮ್ಮಿದಾಗ ಯಾರೂ ಗಾಬರಿಯಾಗಲಿಲ್ಲ. ಆರೋಗ್ಯ ಕೇಂದ್ರದಲ್ಲಿ ನ್ಯುಮೋನಿಯಾ ಎಂದು ಔಷಧಿ ಕೊಟ್ಟರು. ಜ್ವರ ಇಳಿದು ಮತ್ತೆ ಏರಿತು. ಅವನ ಅಜ್ಜಿ ಅರ್ನಾಕ ಮಾತ್ರ ಅವನನ್ನು, ಮಗು ಹೊರಲೆಂದೇ ಹೊಲಿದ ಕೋಟಿನ ಬೆನ್ನುಚೀಲದಲ್ಲಿ ಹೊತ್ತು ನಿಶ್ಚಿಂತೆಯಿಂದ ಓಡಾಡುತ್ತಿದ್ದಳು.

"ನೋಡು ಊಲೀಪಾ, ಅಳೋದೇ ಬಿಟ್ಟಿದ್ದಾನೆ. ವಾಸಿಯಾಯ್ತು."

"ಅಳೋಕೆ ಉಸಿರು ಸಾಲ್ತಿಲ್ಲ ಅಜ್ಜಿ! ಸದಾ ಬಲಕ್ಕೇ ವಾಲ್ತಾನಲ್ಲ, ನಿನ್ನ ಬೆನ್ನಿಗೆ ಗೊತ್ತಾಗಲ್ವಾ?"

ನಾನು, ಊಲೀಪಾ, ಆ ಕೇಂದ್ರದ ದುಭಾಷಿ, ಬಾಯಿ ಸ್ವಲ್ಪ ಜೋರು. ಅಜ್ಜಿಯನ್ನೂ ಅವಳ ತುಂಬು ಗರ್ಭಿಣಿ ಮಗಳು, ನುತಾರಕ್‌ನ ತಾಯಿ ಲೀಟಿಯಾಳನ್ನೂ ಕೇಂದ್ರಕ್ಕೆ ಹೊರಡಿಸಿಕೊಂಡೇ ಬಂದೆ. ನರ್ಸ್ ಎಕ್ಸ್‌ರೇ ತೆಗೆದರು. ಶ್ವಾಸಕೋಶದ ಸುತ್ತ ಕೀವು ತುಂಬಿತ್ತು. ವಿಮಾನದಲ್ಲಿ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕು ಎಂದರು.

ಅಜ್ಜಿ ಕೋಟಿನ ಹಗ್ಗ ಬಿಗಿದಳು. "ಕೊಡಲ್ಲ. ನಾನು ಚಿಕ್ಕೋಳಿದ್ದಾಗ ನಮ್ಮಣ್ಣನ್ನೂ ಎದೆ ರೋಗ ಅಂತ ಹಡಗಲ್ಲಿ ದಕ್ಷಿಣಕ್ಕೆ ಒಯ್ದರು. ಗೋರಿ ಎಲ್ಲಿದೆ ಅಂತಾನೂ ಹೇಳಲಿಲ್ಲ."

ಹಾಗೆ ಹೋಗಿ ಮರಳದವರ ಹೆಸರೊಂದು ನಮ್ಮ ಮನೆಯಲ್ಲೂ ಇದೆ.

ಲೀಟಿಯಾ ಕಿಟಕಿಗೂ ಬಾಗಿಲಿಗೂ ಅಲೆಯುತ್ತಿದ್ದಳು. "ಅಮ್ಮಾ, ಗಾಳಿ ಜೋರಾಗ್ತಿದೆ. ಆಮೇಲೆ ವಿಮಾನ ಇಳಿಯಲ್ಲ!"

"ಮಾತ್ರೆ ಕೊಡಿ, ಮನೇಲೇ ನೋಡ್ಕೋತೀನಿ," ಎಂದಳು ಅಜ್ಜಿ.

"ಕೀವು ಗಟ್ಟಿಯಾಗಿ ಕೂತಿದೆ ಅಜ್ಜಿ, ಬರೀ ಮಾತ್ರೆಗೆ ಹೋಗಲ್ಲ," ಎಂದೆ ನಾನು. "ನೋವಾಗದ ಹಾಗೆ ಮಂಪರು ಬರಿಸಿ, ಪಕ್ಕೇಲಿ ಸಣ್ಣ ನಳಿಕೆ ಇಟ್ಟು ಹೊರಗೆ ತೆಗೀತಾರೆ. ರಕ್ತನಾಳಕ್ಕೆ ಔಷಧಿ ಕೊಡ್ತಾರೆ. ಅದೂ ಸಾಲದಿದ್ರೆ ಸಣ್ಣ ಆಪರೇಷನ್. ಹೆಚ್ಚಿನ ಮಕ್ಕಳು ಪೂರ್ತಿ ಹುಷಾರಾಗ್ತಾರೆ."

"ಅವನ ಮಾತು ಅಲ್ಲಿ ಯಾರಿಗೆ ತಿಳಿಯತ್ತೆ?"

"ನಿನಗೆ ತಿಳಿಯತ್ತಲ್ಲ! ಆಗ ಒಂಟಿಯಾಗಿ ಒಯ್ದರು. ಈಗ ಮನೆಯವರೊಬ್ಬರು ಜೊತೇಲಿರ್ತಾರೆ. ಲೀಟಿಯಾ ಈ ತುಂಬು ಹೊಟ್ಟೆ ಹೊತ್ಕೊಂಡು ಹೋಗೋ ಹಾಗಿಲ್ಲ. ನೀನೇ ನಡಿ."

ಅಜ್ಜಿ ಕೋಟಿನ ಹಗ್ಗ ಸಡಿಲಿಸಿದಳು. ಬೆನ್ನ ಮೇಲೆ ಮಗು ಏದುಸಿರು ಬಿಡುತ್ತಿತ್ತು.

"ನಾನು ವಿಮಾನ ಹತ್ತಿದವಳಲ್ಲ. ಕಿಟಕಿ ಪಕ್ಕ ಮಾತ್ರ ಕೂರಿಸಬೇಡಿ," ಎಂದಳು.

ವಿಮಾನ ಮೇಲೇಳುವವರೆಗೂ ನಮಗೆ ಜೀವದಲ್ಲಿ ಜೀವ ಇರಲಿಲ್ಲ.

ಕೆಲವು ವಾರಗಳ ನಂತರ ನುತಾರಕ್ ಅಜ್ಜಿಯ ಕೈ ಹಿಡಿದು ವಿಮಾನದ ಮೆಟ್ಟಿಲಿಳಿದ. ಅಜ್ಜಿ ಕಂಡವರಿಗೆಲ್ಲ ಹೇಳಿದಳು: "ಕರ್ಕೊಂಡು ಹೋಗಿದ್ದೆ. ಕರ್ಕೊಂಡು ಬಂದೆ."

ತಾಯ್ತಂದೆಯರೇ, ಔಷಧಿ ಕೊಟ್ಟರೂ ಜ್ವರ ಬಿಡದಿದ್ದರೆ ಅಥವಾ ಮರಳಿ ಬಂದರೆ, ಮಗು ಏದುಸಿರು ಬಿಟ್ಟರೆ, ಎದೆನೋವಿಗೆ ಒಂದೇ ಪಕ್ಕಕ್ಕೆ ವಾಲಿದರೆ ಮನೆಯಲ್ಲಿ ಕಾಯಬೇಡಿ. ಹೆದರಿಕೆಯಾದರೆ ಹೆದರಿಕೊಂಡೇ ಬನ್ನಿ. ಆದರೆ ಈಗಲೇ ಬನ್ನಿ.