ಮಧ್ಯಾಹ್ನ ಮನೆಗೆ ಬಂದ ಬಡಗಿ

ದೊಡ್ಡ ಊರಿನ ಬಾಡಿಗೆ ಕೈಗೆಟುಕದೆ ಬಡಗಿಯ ಸಂಸಾರ ಈ ಸಣ್ಣ ಊರಿಗೆ ಬಂದಿತ್ತು. ಅಲ್ಲಿ ಅವನು ಪುಟ್ಟ ಮಗಳು ಏಳುವ ಮುಂಚೆ ಹೊರಟು, ಅವಳು ಮಲಗಿದ ಮೇಲೆ ಮನೆ ಸೇರುತ್ತಿದ್ದ. ಇಲ್ಲಿ ಕೆಲಸಕ್ಕೆ ಹೋದ ಮೊದಲ ದಿನವೇ, ಮಧ್ಯಾಹ್ನ ಬಾಗಿಲಲ್ಲಿ ನಿಂತ ಅವನನ್ನು ಕಂಡು ಹೆಂಡತಿ ಗಾಬರಿಯಿಂದ ಎದ್ದು ಬಂದಳು.

"ಯಾಕ್ರೀ, ಕೆಲಸದಿಂದ ತೆಗೆದುಬಿಟ್ರಾ?"

"ಇಲ್ವೇ, ಊಟಕ್ಕೆ ಬಂದೆ. ಎಲ್ರೂ ಮನೆಗೆ ಹೋದ್ರು. ನಾನೊಬ್ನೇ ಮರದ ಹೊಟ್ಟಿನ ಮಧ್ಯ ಕೂತು ಏನ್ ಮಾಡ್ಲಿ? ಎರಡೇ ಬೀದಿ ದೂರ."

"ಮೊದ್ಲೇ ಹೇಳ್ಬಾರ್ದಾ? ಜೀವ ಬಾಯಿಗೆ ಬಂದಿತ್ತು," ಎಂದು ಬೈಯುತ್ತಲೇ ಅವಳು ತಟ್ಟೆ ಇಟ್ಟಳು.

ಮಗಳು ಅನುಮಾನದಿಂದ ಕೇಳಿದಳು, "ಅಪ್ಪಾ, ಇವತ್ತು ಭಾನುವಾರಾನಾ?"

"ಅಲ್ಲ ಪುಟ್ಟಿ, ಸೋಮವಾರ."

ಅವಳು ಅವನಿಗೆ ಅಂಟಿಕೊಂಡೇ ಕೂತಳು. ಮೂವರೂ ನಿಧಾನವಾಗಿ ಉಂಡರು. ಕೈ ತೊಳೆದ ಮೇಲೂ ಅವನು ಕೆಲಸಕ್ಕೆ ಮರಳಲು ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು.